ನಾಯಿ ಟೀಚರ್

ಮೊನ್ನೆ ದೇವರಾಜ ಮಾರುಕಟ್ಟೆಯಲ್ಲಿ ಬದನೆಕಾಯಿ ಆರಿಸುತ್ತಾ ನಿಂತಿದ್ದಾಗ ಹಿಂದಿನಿಂದ ಯಾರೋ "ಟೀಚರ್!" ಎಂದು ಕೂಗಿದರು. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿದವಳಿಗೆ ಆ ಕೂಗು ಕಿವಿಗೆ ಬಿದ್ದರೆ ಸಾಕು, ಕತ್ತು ತಾನಾಗಿಯೇ ತಿರುಗುತ್ತದೆ. ನೋಡಿದರೆ ನನ್ನ ಹಳೆಯ ವಿದ್ಯಾರ್ಥಿನಿ. ತುಂಬು ಸಂಸಾರಸ್ಥೆಯಾಗಿದ್ದಾಳೆ, ಪಕ್ಕದಲ್ಲಿ ಎಂಟು ವರ್ಷದ ಮಗ. "ನಮಸ್ಕಾರ ಮಾಡೋ, ಅಮ್ಮನಿಗೆ ಹಳೆಗನ್ನಡ ಕಲಿಸಿದ ಟೀಚರ್ ಕಣೋ ಇವರು" ಎಂದಳು. ಆ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಲ್ಲಮ್ಮ, ಇವರು ಪಕ್ಕದ ಮನೆ ಟಾಮಿ ಟೀಚರ್" ಎಂದು ಘಂಟಾಘೋಷವಾಗಿ ಸಾರಿಬಿಟ್ಟ. ಬದನೆಕಾಯಿಯವನು ತಕ್ಕಡಿ ಹಿಡಿದವನು ಹಾಗೇ ನಿಂತ. ಆಕೆಯ ಮುಖ ಕೆಂಪಾಯಿತು. ನನಗೆ ಮಾತ್ರ ನಗು ತಡೆಯಲಾಗಲಿಲ್ಲ. ಹುಡುಗ ಹೇಳಿದ್ದರಲ್ಲಿ ಸುಳ್ಳೇನಿತ್ತು?

ಹೌದು, ನಾನೀಗ ನಾಯಿ ಟೀಚರ್. ನಮ್ಮವರಂತೂ ಬಂದವರಿಗೆಲ್ಲ "ಇವಳು ಮೊದಲು ಎರಡು ಕಾಲಿನವರಿಗೆ ಹೇಳ್ತಿದ್ದಳು, ಈಗ ಬಡ್ತಿ ಸಿಕ್ಕಿ ನಾಲ್ಕು ಕಾಲಿನವಕ್ಕೆ ಹೇಳ್ತಾಳೆ" ಎಂದು ಪರಿಚಯಿಸುತ್ತಾರೆ. ಇದರಲ್ಲಿ ಒಂದು ತಪ್ಪಿದೆ. ನಾನು ಈಗಲೂ ಪಾಠ ಹೇಳುತ್ತಿರುವುದು ಎರಡು ಕಾಲಿನವರಿಗೇ. ಆ ವಿಷಯ ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ಕರಿಯನ ವಿಷಯ ಹೇಳಬೇಕು. ಅವನನ್ನು ಬಿಟ್ಟು ಈ ಕಥೆ ಹೇಳಿದರೆ ನಾನು ಸುಳ್ಳು ಹೇಳಿದಂತೆ.

ಆಗ ನಾವು ಹಾಸನ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿದ್ದೆವು. ನಮ್ಮವರಿಗೆ ಬ್ಯಾಂಕಿನ ಕೆಲಸ, ನನಗೆ ಅಲ್ಲಿಯೇ ಶಾಲೆ. ಕರಿಯ ಎಲ್ಲಿಂದಲೋ ಬಂದು ಹಿತ್ತಿಲಿನಲ್ಲಿ ಬೀಡುಬಿಟ್ಟ ಊರುನಾಯಿ. ಮಗ ಶಾಲೆಯಿಂದ ಬರುವ ಹೊತ್ತಿಗೆ ಗೇಟಿನ ಬಳಿ ಕಾಯುತ್ತಿದ್ದ. ರಾತ್ರಿ ಮನೆ ಸುತ್ತ ಗಸ್ತು ಹೊಡೆಯುತ್ತಿದ್ದ. ಒಂದು ಸಂಜೆ ಅವನು ಅನ್ನ ತಿನ್ನುತ್ತಿರುವಾಗ ಮಗ ತಟ್ಟೆಯ ಬಳಿ ಕೈ ಚಾಚಿದ. ಕರಿಯ ತಲೆ ಎತ್ತದೆ ಗುರ್ರ್ ಎಂದ. ನನಗೆಲ್ಲಿತ್ತೋ ಸಿಟ್ಟು! ಅನ್ನ ಹಾಕಿದ ಮನೆಯ ಮಗುವಿನ ಮೇಲೇ ಗುರುಗುಟ್ಟುವುದೇ? ಕೈಯಲ್ಲಿದ್ದ ತೆಂಗಿನ ಪೊರಕೆಯಿಂದ ಬಾರಿಸಿದೆ. ಮಾರನೆಯ ದಿನ ಮತ್ತೆ ಗುರ್ರ್ ಎಂದ, ಮತ್ತೆ ಬಾರಿಸಿದೆ. ನಾಲ್ಕನೆಯ ದಿನಕ್ಕೆ ಸದ್ದೇ ಇಲ್ಲ. "ನಾಲ್ಕೇ ದಿನಕ್ಕೆ ಬುದ್ಧಿ ಕಲಿಸಿದೆ" ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ಬೀಗಿದ್ದೂ ಉಂಟು.

ಕೆಲವು ತಿಂಗಳ ನಂತರ, 1996ರಲ್ಲಿ, ಅದೇ ತಟ್ಟೆಯ ಬಳಿ ಕರಿಯ ಮಗನ ಕೈ ಕಚ್ಚಿದ. ಗುರುಗುಟ್ಟಲಿಲ್ಲ, ಹಲ್ಲು ತೋರಲಿಲ್ಲ, ಸುಮ್ಮನೆ ಕಚ್ಚಿಬಿಟ್ಟ. ಆಗ ಸರ್ಕಾರಿ ಆಸ್ಪತ್ರೆಗಳಲ್ಲಿ ಹೊಕ್ಕುಳ ಸುತ್ತ ಚುಚ್ಚುವ ಹಳೆಯ ಚುಚ್ಚುಮದ್ದೇ ಇದ್ದದ್ದು. ಎಂಟು ವರ್ಷದ ಹುಡುಗ ದಿನವೂ ಹೊಟ್ಟೆ ಹಿಡಿದುಕೊಂಡು ಅಳುವುದನ್ನು ನೋಡಿದ ತಾಯಿಗೆ ನಾಯಿಯ ಮೇಲೆ ಕರುಣೆ ಎಲ್ಲಿಂದ ಬರಬೇಕು? ಹತ್ತು ದಿನ ಕಟ್ಟಿಹಾಕಿ ನೋಡಿದೆವು. ನಾಯಿಗೆ ಹುಚ್ಚಿರಲಿಲ್ಲ. ಅಷ್ಟರಲ್ಲಿ ಮೈಸೂರಿಗೆ ವರ್ಗವಾದ ಕಾಗದವೂ ಬಂತು. ಯಾರದೋ ಜೀಪು ಸಿಕ್ಕಿತು. ಜೀಪು ಕಂಡರೆ ಹೆದರುತ್ತಿದ್ದ ಕರಿಯ ಹತ್ತಲೊಲ್ಲ. ಆಗ ನಾನೇ ಸೀಟಿನ ಮೇಲೆ ಬಿಸ್ಕತ್ತು ಹಿಡಿದು "ಬಾ ಕರಿಯ" ಎಂದು ಕರೆದೆ. ನನ್ನ ಕೈಯ ಬಿಸ್ಕತ್ತನ್ನು ನಂಬಿ ಹತ್ತಿದ. ಇಪ್ಪತ್ತು ಕಿಲೋಮೀಟರು ದೂರದ ಒಂದು ಸಂತೆ ಮೈದಾನದಲ್ಲಿ ಇಳಿಸಿ ಬಂದರು. ಸ್ವಲ್ಪ ದೂರ ಜೀಪಿನ ಹಿಂದೆ ಓಡಿ ಬಂದನಂತೆ. ನಮ್ಮವರು ಅದನ್ನು ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ.

ಇಪ್ಪತ್ತು ವರ್ಷ ನಮ್ಮ ಮನೆಯಲ್ಲಿ ನಾಯಿ ಇರಲಿಲ್ಲ. 2016ರಲ್ಲಿ ನಾನು ನಿವೃತ್ತಳಾದೆ. ಆ ಮಳೆಗಾಲದಲ್ಲಿ ಬೀದಿಯ ಕೊನೆಯ ಚರಂಡಿಯಿಂದ ನಮ್ಮವರು ಒಂದು ಮರಿಯನ್ನು ಟವೆಲಿನಲ್ಲಿ ಸುತ್ತಿ ತಂದರು. ಬೆಲ್ಲದ ಬಣ್ಣ, ಹೆಸರೂ ಬೆಲ್ಲ ಎಂದಾಯಿತು. ಹೆಸರಿನಲ್ಲಿದ್ದ ಸಿಹಿ ಆರು ತಿಂಗಳಿಗೆ ಕರಗಿಹೋಯಿತು. ಚಪ್ಪಲಿ, ಚಾಪೆ, ನಮ್ಮವರ ಪಿಂಚಣಿ ಪುಸ್ತಕದ ಒಂದು ಮೂಲೆ, ಎಲ್ಲವೂ ಅವಳ ಹಲ್ಲಿಗೆ ಆಹುತಿ. ವಾಕಿಂಗ್ ಕರೆದುಕೊಂಡು ಹೋದರೆ ಯಾರು ಯಾರನ್ನು ಕರೆದುಕೊಂಡು ಹೋಗುತ್ತಿದ್ದಾರೆ ಎಂಬುದೇ ನೋಡುವವರಿಗೆ ತಿಳಿಯುತ್ತಿರಲಿಲ್ಲ. ಕೊನೆಗೊಂದು ದಿನ ಬೆಲ್ಲ ಅನ್ನದ ತಟ್ಟೆಯ ಮುಂದೆ ನನ್ನನ್ನು ಕಂಡು ಗುರ್ರ್ ಎಂದಳು. ಪೊರಕೆ ಬಾಗಿಲ ಹಿಂದೆಯೇ ಇತ್ತು. ಆದರೆ ಕೈ ಏಳಲಿಲ್ಲ.

ಯಾರೋ ಹೇಳಿದರೆಂದು ಒಬ್ಬ ತರಬೇತುದಾರರನ್ನು ಗೊತ್ತುಮಾಡಿದೆವು. ದಿನವೂ ಬೆಳಿಗ್ಗೆ ಬರುವರು, ಬೆಲ್ಲಳ ಕೊರಳಿಗೆ ಎಳೆದಷ್ಟೂ ಬಿಗಿಯುವ ಉಕ್ಕಿನ ಸರಪಳಿ ಹಾಕುವರು, ಒಂದು ಗಂಟೆ ಮೈದಾನದಲ್ಲಿ ಸುತ್ತಿಸಿ ತಂದು ಬಿಡುವರು. ಅವರು "ಸಿಟ್" ಎಂದರೆ ಮಿಂಚಿನಂತೆ ಕೂರುತ್ತಿದ್ದಳು. ಅವರು ಗೇಟು ದಾಟಿದ ಮರುಕ್ಷಣ ನಾನು "ಸಿಟ್" ಎಂದರೆ, ನೀನು ಯಾರಮ್ಮ ಎಂಬಂತೆ ನೋಡಿ ಸೋಫಾ ಹತ್ತುತ್ತಿದ್ದಳು. ಎರಡು ತಿಂಗಳು ದುಡ್ಡು ಕೊಟ್ಟ ಮೇಲೆ ಒಂದು ದಿನ ನಾನೂ ಮೈದಾನಕ್ಕೆ ಹೋಗಿ ನೋಡಿದೆ. ತಪ್ಪಿದಾಗ ಸರಪಳಿಯನ್ನು ಜಗ್ಗಿ ಮುಂಗಾಲು ನೆಲ ಬಿಡುವಷ್ಟು ಎತ್ತುತ್ತಿದ್ದರು. ಬೆಲ್ಲಳ ಬಾಲ ಹೊಟ್ಟೆಗೆ ಅಂಟಿಹೋಗಿತ್ತು. "ನಾಳೆಯಿಂದ ಬೇಡಪ್ಪ" ಎಂದೆ. "ಅಮ್ಮಾ, ನಾಯಿಗೆ ಯಜಮಾನ ಯಾರೂಂತ ಗೊತ್ತಾಗಬೇಕು" ಎಂದರು. ಅವರ ತಪ್ಪೂ ಅಲ್ಲ. ಅವರು ಕಲಿತದ್ದು ಹಾಗೆ. ಪೊಲೀಸ್ ನಾಯಿ, ಸೈನ್ಯದ ನಾಯಿಗಳನ್ನು ಪಳಗಿಸಿದವರಿಂದ ಬಂದ ವಿದ್ಯೆ ಅದು. ಜರ್ಮನಿಯ ಕೊನ್ರಾಡ್ ಮೋಸ್ಟ್ ಎಂಬಾತ 1910ರಲ್ಲೇ ಈ ಬಗ್ಗೆ ಪುಸ್ತಕ ಬರೆದಿದ್ದ. ನೂರು ವರ್ಷ ಲೋಕವೆಲ್ಲ ಹೆಚ್ಚುಕಡಿಮೆ ಅದೇ ದಾರಿ ಹಿಡಿದಿತ್ತು.

ಬೆಂಗಳೂರಿನಲ್ಲಿ ನಾಯಿಯನ್ನು ಹೊಡೆಯದೆ ಕಲಿಸುವ ತರಗತಿ ಇದೆಯೆಂದು ಮಗ ಹೇಳಿದ. 2017ರಲ್ಲಿ ಬೆಲ್ಲಳನ್ನು ಕಾರಿನಲ್ಲಿ ಹಾಕಿಕೊಂಡು ಹೋದೆವು. ಪಾಠ ಹೇಳುವಾಕೆ ನನ್ನ ಮಗನಿಗಿಂತ ಚಿಕ್ಕವಳು. ಬೆಲ್ಲಳ ಮೂಗಿನ ಮುಂದೆ ಕಡಲೆಬೇಳೆಯಷ್ಟು ಪನೀರ್ ಹಿಡಿದು, ಕೈಯನ್ನು ನಿಧಾನವಾಗಿ ಅವಳ ತಲೆಯ ಮೇಲಕ್ಕೆ ಒಯ್ದಳು. ಮೂಗು ಮೇಲೆ ಹೋದಂತೆ ಹಿಂಭಾಗ ತಾನಾಗಿ ನೆಲಕ್ಕೆ ತಾಗಿತು. ತಾಗಿದ ಕ್ಷಣವೇ "ಭೇಷ್!" ಎಂದು ಪನೀರ್ ಕೊಟ್ಟಳು. ಇಷ್ಟೇ! ನಾನು ಬೆರಗಾಗಿ "ನೀವೇ ಪೂರ್ತಿ ಕಲಿಸಿಕೊಡಿ ತಾಯಿ" ಎಂದೆ. ಆಕೆ ಹಗ್ಗವನ್ನು ನನ್ನ ಕೈಗೆ ಕೊಟ್ಟು, "ನಿಮ್ಮ ನಾಯಿ ಕಲಿತಾಯ್ತು ಆಂಟಿ. ಈಗ ನಿಮ್ಮ ಸರದಿ" ಎಂದಳು. ಆಳಿಗೆ ಹೇಳಿದರೆ ಆಳು ನಾಯಿಗೆ ಹೇಳಿದ, ನಾಯಿ ಬಾಲಕ್ಕೆ ಹೇಳಿತು ಎಂಬ ಗಾದೆಯಲ್ಲಿ ಆಳು ಯಾರು ಎಂಬುದು ನನಗೆ ಅಂದು ಗೊತ್ತಾಯಿತು.

ಎಂಟು ವಾರ ಮುಗಿಯುವ ಹೊತ್ತಿಗೆ ಬೆಲ್ಲಳಿಗಿಂತ ನನಗೇ ಹುಚ್ಚು ಹಿಡಿದಿತ್ತು. ಪಾಠ ಹೇಳುವವರಿಗಾಗಿಯೇ ಇದ್ದ ತರಗತಿಗೆ ಸೇರಿಕೊಂಡೆ. ಶನಿವಾರ ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್, ಸಂಜೆ ಮತ್ತೆ ಅದೇ ರೈಲಿನಲ್ಲಿ ವಾಪಸ್ಸು. ಬುತ್ತಿಯಲ್ಲಿ ಚಿತ್ರಾನ್ನ. "ಅರವತ್ತು ದಾಟಿದ ಮೇಲೆ ಎಲ್ಲರೂ ಭಗವದ್ಗೀತೆ ಕ್ಲಾಸಿಗೆ ಹೋಗ್ತಾರೆ" ಎಂದು ನಾದಿನಿ ಕೊಂಕು ನುಡಿದಳು. ಧರ್ಮರಾಯ ಸ್ವರ್ಗದ ಬಾಗಿಲಿಗೆ ಯಾರನ್ನು ಕರೆದುಕೊಂಡು ಹೋಗಿದ್ದ ಎಂದು ಕೇಳಿದೆ. ಆಮೇಲೆ ಅವಳು ಆ ಮಾತೆತ್ತಲಿಲ್ಲ.

ಮೊದಲ ದಿನವೇ ಒಂದು ಆಟ ಆಡಿಸಿದರು. ಡಾಲ್ಫಿನ್‌ಗಳಿಗೆ ತರಬೇತಿ ಕೊಡುತ್ತಿದ್ದ ಅಮೆರಿಕದ ಕರೆನ್ ಪ್ರಯರ್ ಎಂಬಾಕೆ ಬಳಕೆಗೆ ತಂದ ಆಟ. ಒಬ್ಬರು ಹೊರಗೆ ಹೋಗಬೇಕು. ಒಳಗಿದ್ದವರು ಅವರು ಮಾಡಬೇಕಾದ ಒಂದು ಕೆಲಸವನ್ನು ಗೊತ್ತುಮಾಡಿಕೊಳ್ಳಬೇಕು. ಯಾರೂ ಮಾತಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಸರಿದಾರಿಯಲ್ಲಿ ಹೆಜ್ಜೆ ಇಟ್ಟಾಗ ಒಂದು ಚಪ್ಪಾಳೆ, ಅಷ್ಟೇ. ನಾನು ಹೊರಗೆ ಹೋದೆ, ಅಂದರೆ ನಾನೇ ನಾಯಿ. ಒಳಗೆ ಬಂದು ಕಿಟಕಿಯತ್ತ ನಡೆದರೆ ಚಪ್ಪಾಳೆ, ಕೈ ಎತ್ತಿದರೆ ಚಪ್ಪಾಳೆ, ಚಿಲಕ ಮುಟ್ಟಿದಾಗ ಎಲ್ಲರೂ ಹೋ ಎಂದರು. ನನಗೆ ಎಂಟು ವರ್ಷದ ಹುಡುಗಿಯಷ್ಟು ಸಂತೋಷ. ಎರಡನೆಯ ಸಲ ಚಪ್ಪಾಳೆಯೇ ಇಲ್ಲ. ತಪ್ಪು ಹೆಜ್ಜೆ ಇಟ್ಟಾಗಲೆಲ್ಲ "ತಪ್ಪು" ಎನ್ನುವರು. ಎಡಕ್ಕೆ ಹೋದೆ, ತಪ್ಪು. ಬಲಕ್ಕೆ, ತಪ್ಪು. ಕೂತೆ, ತಪ್ಪು. ಐದನೆಯ "ತಪ್ಪು" ಕೇಳಿದ ಮೇಲೆ ಕೋಣೆಯ ನಡುವೆ ಕಲ್ಲಿನಂತೆ ನಿಂತುಬಿಟ್ಟೆ. ಇನ್ನು ಏನು ಮಾಡಿದರೂ ತಪ್ಪೇ ಎಂದಾದರೆ ಏನೂ ಮಾಡದಿರುವುದೇ ಕ್ಷೇಮವಲ್ಲವೆ? ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಹಾಗೆ ಕಲ್ಲಾಗಿ ಕೂರುತ್ತಿದ್ದ ಹುಡುಗರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಅವರನ್ನೆಲ್ಲ ನಾನು "ದಡ್ಡ" ಎಂದು ಬರೆದಿಟ್ಟಿದ್ದೆ.

ಇನ್ನೊಂದು ಶನಿವಾರ ನಾಯಿಯ ಮೈಮಾತಿನ ಪಾಠ. ನಾಯಿ ಕಚ್ಚುವುದಕ್ಕೆ ಮುಂಚೆ ಎಷ್ಟೋ ಸಲ "ಬೇಡ" ಎನ್ನುತ್ತದೆ. ನಿದ್ದೆ ಬರದಿದ್ದರೂ ಆಕಳಿಸುತ್ತದೆ, ಮೂಗು ನೆಕ್ಕಿಕೊಳ್ಳುತ್ತದೆ, ಮುಖ ಪಕ್ಕಕ್ಕೆ ತಿರುಗಿಸುತ್ತದೆ. ಕಣ್ಣಿನ ಬಿಳಿ ಕಾಣಿಸುತ್ತದೆ, ಮೈ ಬಿಗಿಯುತ್ತದೆ. ಬಾಲ ಅಲ್ಲಾಡಿಸಿದ ಮಾತ್ರಕ್ಕೆ ಸಂತೋಷವಾಗಿದೆ ಎಂದಲ್ಲ. ಇದ್ಯಾವುದನ್ನೂ ನಾವು ಗಮನಿಸದಿದ್ದಾಗ ಗುರುಗುಟ್ಟುತ್ತದೆ. ಗುರುಗುಟ್ಟುವುದು ಅಹಂಕಾರವಲ್ಲ, ಎಚ್ಚರಿಕೆ. "ಆ ಗುರುಗುಟ್ಟುವಿಕೆಗೆ ಹೊಡೆದರೆ ಏನಾಗುತ್ತೆ?" ಎಂದು ಆ ಹುಡುಗಿ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಅವಳೇ ಹೇಳಿದಳು: "ಭಯ ಹಾಗೇ ಉಳಿಯುತ್ತೆ, ಸದ್ದು ಮಾತ್ರ ಹೋಗುತ್ತೆ. ಮುಂದಿನ ಸಲ ಆ ನಾಯಿ ಹೇಳದೆ ಕಚ್ಚುತ್ತೆ."

ನಾನು ಬರೆಯುತ್ತಿದ್ದ ಪೆನ್ನು ನಿಂತಿತು. ಸಂಜೆಯ ರೈಲಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತವಳು ಮದ್ದೂರು ದಾಟುವವರೆಗೆ ಅತ್ತೆ. ಎದುರಿಗಿದ್ದ ಹೆಂಗಸು ನನ್ನನ್ನು ಗಂಡನ ಮನೆಯಿಂದ ಬರುತ್ತಿರುವವಳೆಂದು ತಿಳಿದು, "ಸಹಿಸಿಕೊಳ್ಳಬೇಕಮ್ಮ, ಎಲ್ಲರ ಮನೆ ದೋಸೇನೂ ತೂತೇ" ಎಂದು ಸಮಾಧಾನ ಮಾಡಿದಳು. ಅವಳಿಗೆ ಏನೆಂದು ಹೇಳಲಿ? ಕರಿಯನ ಬಾಯಿಂದ ಎಚ್ಚರಿಕೆಯ ಮಾತನ್ನು ಕಿತ್ತುಕೊಂಡವಳು ನಾನು. ಮಗನ ಕೈಯ ಗಾಯಕ್ಕೂ ನಾನೇ ಕಾರಣ, ಸಂತೆ ಮೈದಾನಕ್ಕೂ ನಾನೇ.

ಅಂದಿನಿಂದ ಬೆಲ್ಲಳ ತಟ್ಟೆಯ ಪಾಠ ಶುರುವಾಯಿತು. ಅವಳು ತಿನ್ನುವಾಗ ದೂರದಿಂದ ಹಾದುಹೋಗುತ್ತಾ ಅನ್ನಕ್ಕಿಂತ ರುಚಿಯಾದ ಪನೀರಿನ ಚೂರೊಂದನ್ನು ತಟ್ಟೆಯ ಕಡೆಗೆ ಎಸೆಯುವುದು, ನಿಲ್ಲದೆ ಮುಂದೆ ಹೋಗುವುದು. ದಿನಕ್ಕೆ ಅರ್ಧ ಹೆಜ್ಜೆ ಹತ್ತಿರ. ಅವಳ ಮೈ ಬಿಗಿಯಿತೆಂದರೆ ಮಾರನೆಯ ದಿನ ಒಂದು ಹೆಜ್ಜೆ ಹಿಂದೆ. ಆರು ವಾರಕ್ಕೆ, ನಾನು ಬರುವುದನ್ನು ಕಂಡರೆ ಬೆಲ್ಲ ತಲೆ ಎತ್ತಿ ಬಾಲವಾಡಿಸತೊಡಗಿದಳು. ಮನುಷ್ಯರ ಕೈ ಬಂದರೆ ಕಳೆದುಕೊಳ್ಳುವುದಿಲ್ಲ, ಏನೋ ಸಿಗುತ್ತದೆ ಎಂದು ಅವಳಿಗೆ ನಂಬಿಕೆ ಬಂದಿತ್ತು. ಕರಿಯನಿಗೆ ಬೇಕಾಗಿದ್ದದ್ದೂ ಇಷ್ಟೇ: ಆರು ವಾರ, ಒಂದಿಷ್ಟು ಬಿಸ್ಕತ್ತಿನ ಚೂರು, ಮತ್ತೆ ಅವನು ತಿನ್ನುವಾಗ ಮಗುವನ್ನು ಹತ್ತಿರ ಬಿಡದ ತಾಯಿ.

ನಮ್ಮಲ್ಲಿ ನಾಯಿ ತರಬೇತಿಯ ಬೋರ್ಡು ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಆದರೂ ನನಗೆ ಪರೀಕ್ಷೆ ಬರೆಯಬೇಕೆನಿಸಿತು. ಜೀವಮಾನವೆಲ್ಲ ಮಕ್ಕಳಿಂದ ಪರೀಕ್ಷೆ ಬರೆಸಿದವಳು ನೋಡಿ! ಅಮೆರಿಕದಲ್ಲಿ 2001ರಲ್ಲಿ ಆರಂಭವಾದ ನಾಯಿ ತರಬೇತುದಾರರ ಪ್ರಮಾಣೀಕರಣ ಮಂಡಳಿಯೊಂದಿದೆ. ಅದರ ಪರೀಕ್ಷೆಗೆ ಕೂರಬೇಕಾದರೆ ಹಿಂದಿನ ಮೂರು ವರ್ಷಗಳಲ್ಲಿ ಕನಿಷ್ಠ 300 ಗಂಟೆ ತರಬೇತಿ ಕೆಲಸ ಮಾಡಿದ ಅನುಭವ ಬೇಕು. ಕಲಿಕೆಯ ಶಾಸ್ತ್ರ, ನಾಯಿಯ ಸ್ವಭಾವ, ಆರೈಕೆ, ಸಲಕರಣೆ ಇವುಗಳ ಜೊತೆಗೆ ಇನ್ನೊಂದು ಭಾಗವಿದೆ: ಮಾಲೀಕರಿಗೆ ಪಾಠ ಹೇಳುವ ಬಗೆ. ಅದನ್ನು ನೋಡಿ ನನಗೆ ಸಮಾಧಾನವಾಯಿತು, ಅದೊಂದು ನನಗೆ ಕರತಲಾಮಲಕ ಎಂದುಕೊಂಡೆ. ಎಡವಿದ್ದೇ ಅಲ್ಲಿ.

ಗಂಟೆಗಳನ್ನು ತುಂಬಿಸಿಕೊಳ್ಳಲು ನಮ್ಮ ಬಡಾವಣೆಯ ಪಾರ್ಕಿನ ಪಕ್ಕದ ಖಾಲಿ ಸೈಟಿನಲ್ಲಿ ಭಾನುವಾರದ ತರಗತಿ ಆರಂಭಿಸಿದೆ. ಬೆಂಗಳೂರಿನ ಆ ಹುಡುಗಿ ಒಂದು ದಿನ ನನ್ನ ಪಾಠ ನೋಡಲು ಬಂದಳು. ಒಬ್ಬಾಕೆಗೆ ಮರಿಯನ್ನು ಮಲಗಿಸಲು ಬರುತ್ತಿರಲಿಲ್ಲ. ನಾನು "ಕೊಡಿ ಇಲ್ಲಿ" ಎಂದು ಹಗ್ಗ ಕಿತ್ತುಕೊಂಡು, ಮರಿಯನ್ನು ಎರಡೇ ನಿಮಿಷದಲ್ಲಿ ಮಲಗಿಸಿ ತೋರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾಠ ಮುಗಿದ ಮೇಲೆ ಅವಳು ಕೇಳಿದಳು: "ಆಂಟಿ, ಈಗ ಮರಿಗೆ ಏನು ಗೊತ್ತಾಯ್ತು? ನೀವು ಹೇಳಿದರೆ ಮಲಗಬೇಕು ಅಂತ. ಆಕೆಗೆ ಏನು ಗೊತ್ತಾಯ್ತು? ತನ್ನ ಕೈಲಿ ಆಗಲ್ಲ ಅಂತ. ಇಬ್ಬರಿಗೂ ತಪ್ಪು ಪಾಠವೇ ಅಲ್ವಾ?" ಸರಪಳಿಯ ತರಬೇತುದಾರರು ನನಗೆ ಮಾಡಿದ್ದನ್ನೇ ನಾನು ಪನೀರ್ ಹಿಡಿದು ಮಾಡಿದ್ದೆ. ಅಂದಿನಿಂದ ಒಂದು ನಿಯಮ ಮಾಡಿಕೊಂಡೆ: ಪಾಠದ ಹೊತ್ತಿನಲ್ಲಿ ನನ್ನ ಎರಡೂ ಕೈ ಬೆನ್ನ ಹಿಂದೆ. ಹಗ್ಗ ಯಾವಾಗಲೂ ಮನೆಯವರ ಕೈಯಲ್ಲಿ. ಅವರು ಮಾಡಿದ್ದರಲ್ಲಿ ಸರಿಯಿದ್ದದ್ದನ್ನು ಮೊದಲು ಹೇಳುವುದು, ತಿದ್ದುವುದಿದ್ದರೆ ಒಂದು ಸಲಕ್ಕೆ ಒಂದನ್ನೇ ಹೇಳುವುದು. ನಾಯಿಗೆ ಹೇಗೋ ಮನುಷ್ಯರಿಗೂ ಹಾಗೇ.

ಈ ಮನೆಯವರ ಕಥೆಗಳನ್ನು ಬರೆದರೆ ಒಂದು ಪುಸ್ತಕವಾದೀತು. ಒಂದು ಮನೆಯಲ್ಲಿ ಅಜ್ಜಿ "ಕೂತ್ಕೊ" ಎನ್ನುತ್ತಾರೆ, ಅಪ್ಪ "ಸಿಟ್" ಎನ್ನುತ್ತಾರೆ, ಧಾರವಾಡದ ಸೊಸೆ "ಕುಂದ್ರು" ಎನ್ನುತ್ತಾಳೆ, ಮಗು ಮೂರನ್ನೂ ಸೇರಿಸಿ ಹತ್ತು ಸಲ ಕೂಗುತ್ತದೆ. ನಾಯಿ ಪಾಪ ನಾಲ್ಕು ಮುಖ ನೋಡಿ ನಿಂತೇ ಇರುತ್ತದೆ. ಆ ಮನೆಯ ಮೊದಲ ಪಾಠ ನಾಯಿಗಲ್ಲ. ಎಲ್ಲರೂ ಒಟ್ಟಿಗೆ ಕುಳಿತು ಒಂದು ಮಾತನ್ನು ಆರಿಸಿಕೊಳ್ಳುವುದು. ಅರ್ಧ ಗಂಟೆ ವಾದವಾಗಿ ಕೊನೆಗೆ "ಕೂತ್ಕೊ" ಗೆದ್ದಿತು. ಸೊಸೆಯ ಮುಖ ಸ್ವಲ್ಪ ಸಣ್ಣದಾಯಿತು. "ಬಾ" ಎಂಬುದಕ್ಕೆ "ಬರ್‍ರಿ" ಇರಲಿ ಎಂದು ನಾನೇ ರಾಜಿ ಮಾಡಿಸಿದೆ.

ನಿವೃತ್ತ ಸೈನಿಕರೊಬ್ಬರು ಬರುತ್ತಿದ್ದರು. "ನಾಯಿ ಅಂದ್ರೆ ತೋಳ, ಗುಂಪಿನ ಯಜಮಾನ ನಾನೂಂತ ತೋರಿಸಬೇಕು" ಎಂಬುದು ಅವರ ಸಿದ್ಧಾಂತ. ಅವರಿಗೆ ತೋಳದ ಕಥೆ ಹೇಳಿದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬಾತ ಬೋನಿನಲ್ಲಿ ಕೂಡಿಹಾಕಿದ ತೋಳಗಳ ಜಗಳ ನೋಡಿ ಬರೆದದ್ದರಿಂದ ಆ ಮಾತು ಹಬ್ಬಿತು. ಆ ಮಾತನ್ನು ತನ್ನ ಪುಸ್ತಕದಲ್ಲಿ ಹರಡಿದ ಡೇವಿಡ್ ಮೆಕ್ ಎಂಬ ವಿಜ್ಞಾನಿಯೇ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ, ತೋಳದ ಗುಂಪೆಂದರೆ ಬಹುಮಟ್ಟಿಗೆ ತಂದೆ, ತಾಯಿ, ಮಕ್ಕಳ ಸಂಸಾರ ಎಂದು 1999ರಲ್ಲಿ ತಿದ್ದಿ ಬರೆದ. ಸೈನಿಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಾನು ಅಪ್ಪ ಅನ್ನಿ" ಎಂದರು. ಮುಂದಿನ ವಾರ ಬರುವಾಗ ಜೇಬಿನಲ್ಲಿ ಬೇಯಿಸಿದ ಕೋಳಿಯ ಚೂರುಗಳಿದ್ದವು.

ನನಗೆ ಎಲ್ಲರಿಗಿಂತ ಮೆಚ್ಚುಗೆಯಾದ ವಿದ್ಯಾರ್ಥಿನಿ ಯಾರು ಗೊತ್ತೆ? ಒಂದು ದೊಡ್ಡ ಮನೆಯ ಕೆಲಸದಾಕೆ. ಮನೆಯ ಯಜಮಾನತಿ ತರಗತಿಗೆ ಬಂದು ಎಲ್ಲವನ್ನೂ ಬರೆದುಕೊಂಡು ಹೋಗುವರು, ನಾಯಿ ಮಾತ್ರ ಇದ್ದ ಹಾಗೇ ಇತ್ತು. ವಿಚಾರಿಸಿದರೆ ಅದಕ್ಕೆ ಅನ್ನ ಹಾಕುವವಳು, ತಿರುಗಾಡಿಸುವವಳು, ಸ್ನಾನ ಮಾಡಿಸುವವಳು ಎಲ್ಲ ಆ ಕೆಲಸದಾಕೆಯೇ! "ಅವರನ್ನೇ ಕಳಿಸಿ" ಎಂದೆ. ಯಜಮಾನತಿಗೆ ಅಷ್ಟು ಹಿಡಿಸಲಿಲ್ಲ, ಆದರೂ ಕಳಿಸಿದರು. ಆಕೆ ಮೂಲೆಯಲ್ಲಿ ನಿಂತು ನೋಡಿ, ಎರಡನೆಯ ವಾರಕ್ಕೇ ಸಡಿಲ ಹಗ್ಗದಲ್ಲಿ ಆ ಲ್ಯಾಬ್ರಡಾರ್ ತನ್ನ ಪಕ್ಕದಲ್ಲಿ ನಡೆಯುವಂತೆ ಮಾಡಿದಳು. "ನಮ್ಮೂರಲ್ಲಿ ಎತ್ತು ಪಳಗಿಸೋದು ನೋಡಿವ್ನಿ ಕಣಮ್ಮ. ಎಳೆದ್ರೆ ಎಳೀತದೆ, ನಿಂತ್ರೆ ನಿಲ್ತದೆ" ಎಂದಳು. ನಾನು ರೈಲು ಹತ್ತಿ ಹೋಗಿ ಕಲಿತು ಬಂದದ್ದು ಅದೇ ಮಾತು: ನಾಯಿ ಎಳೆದರೆ ನೀವು ನಿಲ್ಲಿ, ಹಗ್ಗ ಸಡಿಲವಾದಾಗ ಮಾತ್ರ ಮುಂದೆ ಹೆಜ್ಜೆ ಇಡಿ.

2019ರ ಕೊನೆಗೆ ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಪರೀಕ್ಷೆ ಬರೆದೆ. ಎಲ್ಲ ಇಂಗ್ಲಿಷಿನಲ್ಲಿ. ಅಕ್ಕಪಕ್ಕದಲ್ಲಿ ಮೊಮ್ಮಕ್ಕಳ ವಯಸ್ಸಿನವರು ಬೇರೆ ಬೇರೆ ಪರೀಕ್ಷೆಗಳಿಗೆ ಕೂತಿದ್ದರು. ಒಬ್ಬಳು "ನೀವು ಯಾವ ಪರೀಕ್ಷೆ ಆಂಟಿ?" ಎಂದು ಕೇಳಿದಳು. "ನಾಯಿ ಪರೀಕ್ಷೆ" ಎಂದೆ. ಅವಳು ಪಶುವೈದ್ಯೆ ಎಂದು ತಿಳಿದು ಕೈಮುಗಿದಳು. ಪಾಸಾದೆ. ಹೆಸರಿನ ಮುಂದೆ ಐದಾರು ಅಕ್ಷರ ಹಾಕಿಕೊಳ್ಳಬಹುದು. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ನಮ್ಮವರು ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ನನ್ನ ಬಿ.ಎಡ್. ಪದವಿಯ ಪಕ್ಕದಲ್ಲಿ ತೂಗುಹಾಕಿದರು. "ಎರಡರಲ್ಲಿ ಯಾವುದು ಹೆಚ್ಚು?" ಎಂದು ಕೇಳಿದೆ. ಅವರು ಬೆಲ್ಲಳ ಕಡೆ ನೋಡಿದರು.

ಮಾರ್ಚಿ 2020ರಲ್ಲಿ ಲಾಕ್‌ಡೌನ್ ಬಂತು. ನಮ್ಮ ಸುತ್ತಮುತ್ತ ಮನೆಯಲ್ಲೇ ಕೂತ ಎಷ್ಟೋ ಜನ ಮರಿ ತಂದರು. ಮರಿಗಳು ಮೂರು ವಾರದಿಂದ ಮೂರು ತಿಂಗಳ ತನಕ ಯಾವ ಯಾವ ಮನುಷ್ಯರನ್ನು, ಸದ್ದುಗಳನ್ನು ಕಂಡು ಒಗ್ಗಿಕೊಳ್ಳುತ್ತವೋ ಅದೇ ಅವಕ್ಕೆ ಲೋಕ. ಆ ಮರಿಗಳು ಕಂಡದ್ದು ನಾಲ್ಕು ಗೋಡೆ ಮಾತ್ರ. ಅದರ ಫಲ ನನ್ನ ಬಾಗಿಲಿಗೆ ಬಂದದ್ದು ಮರುವರ್ಷ.

2021ರ ಒಂದು ಸಂಜೆ ಗಂಡಹೆಂಡಿರು ಬಂದರು. ಮನೆಯಲ್ಲಿ ಎರಡು ವರ್ಷದ ಮಗು. ಒಂದೂವರೆ ವರ್ಷದ ನಾಯಿ ಮಗುವನ್ನು ಕಂಡರೆ ಗುರುಗುಟ್ಟುತ್ತದೆ. "ಹೊಡೆದಿದ್ದೀರಾ?" ಎಂದೆ. "ಇನ್ನೂ ಇಲ್ಲ" ಎಂದರು. "ಸದ್ಯ!" ಎಂದೆ. ಗಂಡ ನೆಲ ನೋಡುತ್ತಾ, "ಇನ್ನು ಇಟ್ಟುಕೊಳ್ಳೋಕೆ ಆಗಲ್ಲ ಮೇಡಂ. ನಾಳೆ ಊರಾಚೆ ಎಲ್ಲಾದರೂ ಬಿಟ್ಟು ಬರೋಣ ಅಂತಿದ್ದೀವಿ. ನೀವು ಗ್ಯಾರಂಟಿ ಕೊಟ್ಟರೆ ಮಾತ್ರ ಇಟ್ಟುಕೊಳ್ತೀವಿ" ಎಂದರು.

ಗ್ಯಾರಂಟಿ! ಮಿಕ್ಸಿಗೆ ಕೊಡಬಹುದು, ಪ್ರೆಶರ್ ಕುಕ್ಕರಿಗೆ ಕೊಡಬಹುದು. ಹಲ್ಲಿರುವ ಜೀವಕ್ಕೆ ಯಾರೂ ಗ್ಯಾರಂಟಿ ಕೊಡಲಾರರು. ಕೊಡುತ್ತೇನೆ ಎಂದವರನ್ನು ನಂಬಬೇಡಿ. ಹಾಗೆಂದೇ ಹೇಳಿದೆ. ಆಮೇಲೆ, ಅದುವರೆಗೆ ಹೊರಗಿನವರಾರಿಗೂ ಹೇಳದಿದ್ದ ಕರಿಯನ ಕಥೆಯನ್ನು ಅವರಿಗೆ ಹೇಳಿದೆ. ಪೊರಕೆ, ಸ್ಟಾಫ್ ರೂಮು, ಬಿಸ್ಕತ್ತು, ಎಲ್ಲವನ್ನೂ. ಹೆಂಡತಿ ಅಳತೊಡಗಿದಳು. ಗಂಡ "ಏನು ಮಾಡಬೇಕು ಹೇಳಿ" ಎಂದರು.

ಮೊದಲು ಪಶುವೈದ್ಯರಿಗೆ ತೋರಿಸಲು ಹೇಳಿದೆ. ನೋವಿರುವ ನಾಯಿಯೂ ಗುರುಗುಟ್ಟುತ್ತದೆ. ಇವಳ ಮೈಯಲ್ಲಿ ನೋವಿರಲಿಲ್ಲ. ಅಡಿಗೆಮನೆಗೂ ಹಜಾರಕ್ಕೂ ನಡುವೆ ಬಡಗಿಯಿಂದ ಸೊಂಟದೆತ್ತರದ ಬಾಗಿಲು ಮಾಡಿಸಿದರು. ದೊಡ್ಡವರು ಪಕ್ಕದಲ್ಲಿಲ್ಲದೆ ಮಗು, ನಾಯಿ ಒಂದೇ ಕೋಣೆಯಲ್ಲಿ ಇರಕೂಡದು. ನಾಯಿಗೆ ಯಾರೂ ಮುಟ್ಟದ ಒಂದು ಮೂಲೆ. ಮಗು ದೂರದಲ್ಲಿ ಕಂಡಾಗಲೆಲ್ಲ ನಾಯಿಗೆ ತಿಂಡಿ. ಮೂರು ತಿಂಗಳು ಶ್ರದ್ಧೆಯಿಂದ ಮಾಡಿದರು. ತುಂಬ ಸುಧಾರಿಸಿತು. ಆದರೆ ಮಗು ಓಡುವ ವಯಸ್ಸು, ಇಬ್ಬರಿಗೂ ಕೆಲಸ, ಬಾಗಿಲು ಹಾಕಲು ಮರೆಯುವ ದಿನಗಳು ಬಂದವು. ಒಂದು ದಿನ ಆ ಹೆಂಗಸೇ ಫೋನು ಮಾಡಿ, "ಮೇಡಂ, ನನಗೆ ರಾತ್ರಿ ನಿದ್ದೆ ಬರ್ತಿಲ್ಲ" ಎಂದಳು. ತಾಯಿಯ ನಿದ್ದೆಯೂ ಲೆಕ್ಕಕ್ಕೆ ಬರುವ ಸಂಗತಿಯೇ. ಹುಣಸೂರಿನ ಬಳಿ ತೋಟದಲ್ಲಿದ್ದ ಅವಳ ತಂದೆ ನಾಯಿಯನ್ನು ಇಟ್ಟುಕೊಳ್ಳಲು ಒಪ್ಪಿದರು. ನಾನೂ ಜೊತೆಗೆ ಹೋದೆ. ಅಲ್ಲಿ ಎರಡು ದಿನ ಇದ್ದು, ಆ ಯಜಮಾನರಿಗೆ ಕರೆಯುವ ಮಾತು, ತಟ್ಟೆಯ ಪಾಠ, ಆಕಳಿಸಿದರೆ ಏನರ್ಥ ಎಲ್ಲ ಹೇಳಿಕೊಟ್ಟೆ. ನಾಯಿಗೆ ಈರುಳ್ಳಿ, ದ್ರಾಕ್ಷಿ ಹಾಕಬಾರದೆಂದೂ, ಯಾರಿಗಾದರೂ ಹಲ್ಲು ತಾಗಿದರೆ ಹದಿನೈದು ನಿಮಿಷ ಸೋಪು ನೀರಿನಿಂದ ತೊಳೆದು ಚುಚ್ಚುಮದ್ದಿಗೆ ಓಡಬೇಕೆಂದೂ ಬರೆದುಕೊಟ್ಟೆ.

ಇದರಲ್ಲಿ ಗೆದ್ದೆನೋ ಸೋತೆನೋ ನೀವೇ ಹೇಳಿ. ನಾಯಿ ಆ ಮನೆಯಲ್ಲಿ ಉಳಿಯಲಿಲ್ಲ. ಆದರೆ ಯಾರ ಜೀಪಿನ ಹಿಂದೆಯೂ ಓಡಲಿಲ್ಲ.

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಒಂದು ಶಾಸನದ ಪಾಠವನ್ನು ನಾನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದ್ದೆ. ಹತ್ತನೆಯ ಶತಮಾನದ್ದು. ಗಂಗರ ಬೂತುಗ ಯುದ್ಧದ ಸಾಹಸಕ್ಕೆ ಮೆಚ್ಚಿ "ಬೇಡಿಕೋ" ಎಂದರೆ ಮಣಲೇರ ಎಂಬ ವೀರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಕೊಂದು, ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಈಗ ಅದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಆ ಪಾಠ ಹೇಳುವಾಗಲೆಲ್ಲ ನಾನು ವ್ಯಾಕರಣಕ್ಕೆ ಹೆಚ್ಚು ಗಮನ ಕೊಡುತ್ತಿದ್ದೆ. ಒಂದು ಶನಿವಾರ ತರಗತಿ ಬೇಗ ಮುಗಿದಾಗ ಹೋಗಿ ಆ ಕಲ್ಲಿನ ಮುಂದೆ ನಿಂತೆ. ನಾಯಿ, ಹಂದಿ ಎರಡನ್ನೂ ಕೆತ್ತಿದ್ದಾರೆ. ಸಾವಿರ ವರ್ಷದ ಹಿಂದಿನ ನಾಯಿಯ ಹೆಸರು ನಮಗೆ ಗೊತ್ತಿದೆ. ಕರಿಯನ ಹೆಸರು ಎಲ್ಲೂ ಬರೆದಿರಲಿಲ್ಲ. ಅದಕ್ಕೇ ಇಲ್ಲಿ ಬರೆದೆ.

ನಾಳೆ ಭಾನುವಾರ. ಹೊಸ ತಂಡದಲ್ಲಿ ಆರು ಮನೆಯವರಿದ್ದಾರೆ. ಪನೀರ್ ಕತ್ತರಿಸಿಡಬೇಕು. ಬೆಲ್ಲಳಿಗೂ ವಯಸ್ಸಾಯಿತು, ಮೂತಿ ಬೆಳ್ಳಗಾಗಿದೆ. ಕತ್ತರಿಸುವ ಸದ್ದು ಕೇಳಿದರೆ ಮಾತ್ರ ಎಲ್ಲಿದ್ದರೂ ಎದ್ದು ಬಂದು, ಯಾರೂ ಹೇಳದಿದ್ದರೂ ಅಡಿಗೆಮನೆಯ ಹೊಸಿಲಾಚೆ ಕೂತುಬಿಡುತ್ತಾಳೆ.